ಹತ್ತಿಯ ಎಳೆ ಎಂದುಕೊಂಡದ್ದು

ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಯಾವ ಸುದ್ದಿ ಹೇಳುವುದಿದ್ದರೂ ಮೊದಲು ಅಲ್ಲಿ ಯಾರ್ಯಾರು ಕೂತಿದ್ದರು, ಯಾರು ನಿಂತಿದ್ದರು ಎಂಬುದನ್ನು ಹೇಳಿ ಮುಗಿಸಿ ಆಮೇಲೆ ಸುದ್ದಿಗೆ ಬರುತ್ತಿದ್ದಳು. ಸಾಕ್ಷಿ ಇಲ್ಲದ ಮಾತು ಅವಳ ಲೆಕ್ಕದಲ್ಲಿ ಮಾತೇ ಅಲ್ಲ. ನನಗೂ ಅದೇ ಚಟ ಅಂಟಿದೆ. ಹಾಗೆಯೇ ಶುರು ಮಾಡುತ್ತೇನೆ.

ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಬಾಗಲಕೋಟೆ ಜಿಲ್ಲೆಯ ಒಂದು ಸರಕಾರಿ ದವಾಖಾನೆಯ ರಕ್ತ ಪರೀಕ್ಷೆಯ ಕೋಣೆ. ದವಾಖಾನೆಯ ಹೆಸರು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು, ಕಟ್ಟಡಕ್ಕೇಕೆ ಕೆಟ್ಟ ಹೆಸರು? ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಕಿಟಕಿಯ ಹತ್ತಿರ ಮೈಕ್ರೋಸ್ಕೋಪಿನ ಮುಂದೆ ಸ್ಟೂಲಿನ ಮೇಲೆ ನಾನು, ಹುಸೇನಸಾಬ, ಲ್ಯಾಬ್ ಟೆಕ್ನಿಷಿಯನ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಾಗಿಲಲ್ಲಿ ಡಾಕ್ಟರ್ ಸುಮಾ, ತುಮಕೂರಿನ ಕಡೆಯವರು, ನಮ್ಮಲ್ಲಿಗೆ ಬಂದು ಐದಾರು ತಿಂಗಳಾಗಿತ್ತು. ಗೋಡೆಯ ಪಕ್ಕದ ಬಾಕಿನ ಮೇಲೆ ಸಂಗಪ್ಪ, ಇಳಕಲ್ಲಿನವನು, ನಲವತ್ತರ ಒಳಗಿನ ಗಟ್ಟಿ ಆಳು. ಖಣಿಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುವುದು ಅವನ ಕೆಲಸ. ಕೂತಲ್ಲೇ ನಿದ್ದೆ ಹೋಗಿದ್ದ. ಅವನ ಪಕ್ಕದಲ್ಲಿ ಹೆಂಡತಿ ನೀಲವ್ವ, ಮನೆಯಲ್ಲಿ ಮಗ್ಗ ಹಾಕಿಕೊಂಡು ಸೀರೆ ನೇಯುವವಳು, ಗಂಡನನ್ನು ಮೊಣಕೈಯಿಂದ ತಿವಿಯುತ್ತಿದ್ದಳು.

“ಏಳ್ರಿ, ಡಾಕ್ಟರ್ ಬಾಯಾರು ನಿಂತಾರ. ನೋಡ್ರಿ ಬಾಯಾರ, ಊಟಕ್ಕ ಕುಂತ್ರೂ ಹಿಂಗ. ತುತ್ತು ಕೈಯಾಗ ಹಿಡಕೊಂಡು ನಿದ್ದಿ. ಮಂದಿ ಮಲಗೂ ಹೊತ್ತಿಗೆ ಇವರು ಎದ್ದು ಅಡ್ಡಾಡ್ತಾರ.”

ಡಾಕ್ಟರ ಕೈಯಲ್ಲಿ ನಾನು ಕೊಟ್ಟ ಎರಡು ರಿಪೋರ್ಟು ಇದ್ದವು. ಎರಡರಲ್ಲೂ ‘ಮಲೇರಿಯಾ ಇಲ್ಲ’, ಕೆಳಗೆ ನನ್ನ ಸಹಿ. ಅವರು ಕೇಳಿದರು: “ಇವರು ಈಚೆಗೆ ಎಲ್ಲಾದರೂ ದೂರದ ಊರಿಗೆ ಹೋಗಿದ್ರಾ?”

ಯಾರೂ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. “ಫಾರ್ಮಿನಾಗ ಬರದೈತ್ರಿ ಮೇಡಮ್ಮಾರ. ಎಲ್ಲೂ ಹೋಗಿಲ್ಲ.”

ನೀಲವ್ವ ನನ್ನ ಕಡೆ ತಿರುಗಿದಳು. “ಯಾರ್ ಹೇಳಿದ್ರು ಕಾಕಾ ಹೋಗಿಲ್ಲಂತ? ಆಫ್ರಿಕಾದಾಗ ಎರಡ ವರ್ಷ ಇದ್ದು ಬಂದಾರ. ಜಾಂಬಿಯಾ. ಅಲ್ಲಿ ಕಲ್ಲಿನ ಖಣಿಗೆ ಹೋಗಿದ್ರು. ಬಂದು ತಿಂಗಳ ಮ್ಯಾಲಾತು. ಇಡೀ ಇಳಕಲ್ಲಿಗೆ ಗೊತ್ತೈತಿ, ನಿಮಗೊಬ್ಬರಿಗೆ ಗೊತ್ತಿಲ್ಲೇನು?”

ಡಾಕ್ಟರು ಕಾಗದ ನೋಡಿದರು. ‘ಹೊರಗೆ ಪ್ರಯಾಣ’ ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದಿತ್ತು. ಅಕ್ಷರ ನನ್ನದು. ಕೇಳದೆಯೇ ಬರೆದದ್ದು.

ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ಕೇಳಬಹುದು, ಮೂವತ್ತು ವರ್ಷದ ಮೇಲೆ ಕೆಲಸ ಮಾಡಿದವನು ಹೀಗೇಕೆ ಮಾಡಿದ ಎಂದು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಬೇಗ ಹೇಳಿ ಮತ್ತೆ ಇದೇ ಕೋಣೆಗೆ ಬರುತ್ತೇನೆ. ಸಂಗಪ್ಪನನ್ನು ಬಾಕಿನ ಮೇಲೆ ಬಿಟ್ಟು ಬಹಳ ದೂರ ಹೋಗಲು ನನಗೆ ಈಗಲೂ ಮನಸ್ಸಾಗುವುದಿಲ್ಲ.

ನಾನು ಸೇರಿದ್ದು ಬಾದಾಮಿಯಲ್ಲಿ, ಮಲೇರಿಯಾ ಕೆಲಸಕ್ಕೆ. ಹೆಗಲಿಗೆ ಚೀಲ. ಅದರಲ್ಲಿ ಗಾಜಿನ ಸ್ಲೈಡು, ಸೂಜಿ, ಸ್ಪಿರಿಟ್ಟು, ಹತ್ತಿ. ಬಸ್ಸಿನಲ್ಲಿ ಪಟ್ಟದಕಲ್ಲಿಗೆ ಹೋಗಿ ಇಳಿದರೆ ಮಲಪ್ರಭೆಯ ದಂಡೆ ಹಿಡಿದು ಮನೆಮನೆ ತಿರುಗಬೇಕು. ಜ್ವರ ಬಂದವರ ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ಗಾಜಿಗೆ ಸವರಿಕೊಂಡು ಬರಬೇಕು. ಶಿವಯೋಗ ಮಂದಿರದ ಕಡೆ ಒಬ್ಬ ಅಜ್ಜಿ ನಾನು ಕಂಡರೆ ಸಾಕು ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. “ಸೊಳ್ಳಿ ಕಡದ್ರ ಕೈಯರ ಬಡಿಬಹುದು, ನಿನಗ ಬಡಿಯಾಕೂ ಬರೂದಿಲ್ಲಲೋ ಸಾಬಾ” ಎಂದು ಬೈದು, ಬೈಗುಳ ಮುಗಿದ ಮೇಲೆ ಮಜ್ಜಿಗೆ ಕೊಡುತ್ತಿದ್ದಳು. ಬೆರಳು ಮಾತ್ರ ಕೊಡಲಿಲ್ಲ.

ಎರಡು ವರ್ಷ ತಿರುಗಿದ ಮೇಲೆ ತರಬೇತಿಗೆ ಕಳಿಸಿ, ಲ್ಯಾಬಿನಲ್ಲಿ ಕೂರಿಸಿದರು. ಅಲ್ಲಿನ ಹಿರಿಯರು ದೇಸಾಯಿ ಸರ್. ಸ್ಲೈಡಿಗೆ ಬಣ್ಣ ಕೊಡುವುದನ್ನು ಅವರು ಅಡುಗೆ ಕಲಿಸಿದ ಹಾಗೆ ಕಲಿಸಿದರು. ಬಣ್ಣ ಹೆಚ್ಚಾದರೆ ಮೂಗು ಮುರಿಯುತ್ತಿದ್ದರು. ನಾನು ಲ್ಯಾಬಿಗೆ ಬಂದ ಮೊದಲನೇ ತಿಂಗಳಲ್ಲೇ ಒಂದು ಸ್ಲೈಡಿನಲ್ಲಿ ಉದ್ದನೆಯ, ಬಾಗಿದ ಒಂದು ವಸ್ತು ಕಂಡು ಎದ್ದು ನಿಂತು ಕೂಗಿದೆ: “ಸರ್, ಆನೆಕಾಲಿನ ಹುಳಾ ಸಿಕ್ಕೈತ್ರಿ!” ದೇಸಾಯಿ ಸರ್ ಕನ್ನಡಕ ಒರೆಸಿಕೊಂಡು ಬಂದು ನೋಡಿದರು. ನೋಡಿ ನೆಟ್ಟಗೆ ಹೊರಗೆ ಹೋಗಿ ಕಾರಕೂನರನ್ನು, ನರ್ಸಮ್ಮನನ್ನು, ಕಂಪೌಂಡರನನ್ನು ಎಲ್ಲರನ್ನೂ ಕರೆದುಕೊಂಡು ಬಂದರು. “ಬರ್ರಿ, ನಮ್ಮ ಹುಸೇನ ಹೊಸಾ ಹುಳಾ ಕಂಡುಹಿಡದಾನ. ಹೆಸರಿಡೂಣು.” ಅದು ಬೆರಳು ಒರೆಸಿದ ಹತ್ತಿಯ ಎಳೆ. ಮುಂದೆ ನಾಲ್ಕು ತಿಂಗಳು ಇಡೀ ಆಫೀಸು ನನ್ನನ್ನು ‘ಹತ್ತಿಸಾಬ’ ಎಂದೇ ಕರೆಯಿತು. ಚಹಾದ ಅಂಗಡಿಯವನೂ ಕರೆದ.

ನಗುವ ಮಾತೇ. ನಾನೂ ನಕ್ಕಿದ್ದೇನೆ. ಆದರೆ ಅಂದಿನಿಂದ ಸ್ಲೈಡಿನಲ್ಲಿ ಉದ್ದಕ್ಕೆ ಬಾಗಿದ್ದು ಏನು ಕಂಡರೂ ನನ್ನ ಕೈ ತಾನಾಗಿಯೇ ಸ್ಲೈಡನ್ನು ಮುಂದಕ್ಕೆ ಸರಿಸುತ್ತಿತ್ತು. ಕಣ್ಣು ನಿಲ್ಲುವ ಮೊದಲೇ ಕೈ ಓಡುತ್ತಿತ್ತು.

ಆಮೇಲೆ ಮಲೇರಿಯಾ ನೋಡುವ ಕಾರ್ಡು ಬಂತು. ಒಂದು ಹನಿ ರಕ್ತ, ನಾಲ್ಕು ಹನಿ ನೀರಿನಂಥ ಔಷಧ, ಕಾಲು ತಾಸಿನಲ್ಲಿ ಗೆರೆ ಮೂಡುತ್ತದೆ. ಒಂದೇ ಗೆರೆ ಬಂದರೆ ಮಲೇರಿಯಾ ಇಲ್ಲ, ಮನೆಗೆ ನಡಿ. ಒಳ್ಳೆಯದೇ, ದೂರದ ಹಳ್ಳಿಗಳಲ್ಲಿ ಎಷ್ಟೋ ಜೀವ ಉಳಿಸಿತು. ಆದರೆ ಕಾರ್ಡಿಗೆ ಗೊತ್ತಿರುವುದು ಒಂದೇ ರೋಗ. ‘ಅದು ಇಲ್ಲ’ ಎಂದು ಹೇಳುತ್ತದೆ, ‘ಬೇರೆ ಏನಿದೆ’ ಎಂದು ಕೇಳುವುದಿಲ್ಲ. ನಾವೂ ಕೇಳುವುದನ್ನು ಬಿಟ್ಟೆವು. ಮೈಕ್ರೋಸ್ಕೋಪಿಗೆ ಬಟ್ಟೆ ಹೊದಿಸಿ ಇಡುವ ದಿನಗಳೂ ಬಂದವು.

ಇನ್ನು ಆ ಪ್ರಯಾಣದ ಕಾಲಮ್ಮು. ಮೊದಮೊದಲು ನಾನು ಕೇಳುತ್ತಿದ್ದೆ. “ಎಲ್ಲರ ಹೊರಗ ಹೋಗಿದ್ರೇನು?” ಎಂದರೆ, “ಹೋಗಿದ್ನಿರಿ, ಶಿರೂರಿಗೆ, ಮಗಳ ಮನಿಗೆ. ಅಕಿ ಅತ್ತಿ ಅದಾಳಲ್ಲ...” ಎಂದು ಶುರುವಾದರೆ ಬಾಗಿಲಲ್ಲಿ ನಿಂತ ಸಾಲು ಗೊಣಗುತ್ತಿತ್ತು. ಹಾಗಾಗಿ ನಾವೆಲ್ಲ ಒಂದು ಉಪಾಯ ಮಾಡಿಕೊಂಡೆವು. ರಿಜಿಸ್ಟರಿನಲ್ಲಿ ಆ ಕಾಲಮ್ಮಿನ ಮೊದಲ ಚೌಕದಲ್ಲಿ ‘ಇಲ್ಲ’ ಎಂದು ಬರೆದು, ಅಲ್ಲಿಂದ ಪುಟದ ಕೆಳಗಿನವರೆಗೆ ಒಂದು ಉದ್ದ ಗೆರೆ ಎಳೆದುಬಿಡುವುದು, ರಿಪೋರ್ಟಿಗೂ ಅದನ್ನೇ ಇಳಿಸುವುದು. ಇಪ್ಪತ್ತು ಜನ ಒಂದೇ ಗೆರೆಯಲ್ಲಿ ಎಲ್ಲೂ ಹೋಗದವರಾಗುತ್ತಿದ್ದರು. ಮೇಲಿನವರು ತಪಾಸಣೆಗೆ ಬಂದಾಗ ಕಾಲಮ್ಮು ತುಂಬಿದೆಯೇ ಎಂದು ನೋಡುತ್ತಿದ್ದರು, ತುಂಬಿತ್ತು.

ಸಂಗಪ್ಪ ಮೊದಲ ಸಲ ಬಂದಾಗ ವಾರದಿಂದ ಜ್ವರ, ತಲೆನೋವು. ಕಾರ್ಡು ಒಂದೇ ಗೆರೆ. ಸ್ಲೈಡು ನೋಡಿದೆ, ಮಲೇರಿಯಾ ಇರಲಿಲ್ಲ. ಮತ್ತೆ ಎಂಟು ದಿನಕ್ಕೆ ಬಂದ. ನಡುವೆ ಹೊರಗಿನ ಒಬ್ಬ ಡಾಕ್ಟರು ಟೈಫಾಯಿಡ್ ಎಂದು ಔಷಧ ಕೊಟ್ಟಿದ್ದರಂತೆ, ತಗ್ಗಿರಲಿಲ್ಲ. ಎರಡನೇ ಸ್ಲೈಡಿನಲ್ಲಿ ಅಂಚಿನ ಕಡೆ ಒಂದು ಸಣ್ಣ, ಬಾಗಿದ, ಚೂಪಾದ ಎಳೆ ಕಂಡಿತು. ಇನ್ನೂ ಮೂವತ್ತು ಸ್ಲೈಡು ಕಾದಿದ್ದವು. ಕೈ ಓಡಿತು.

ಸಂಜೆ ಮನೆಗೆ ಹೋದವನಿಗೆ ಕೂತರೆ ಕೂಡಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. “ಏನ್ ಕಳಕೊಂಡೀರಿ? ಒಳಗ ಹೊರಗ ಒಳಗ ಹೊರಗ” ಎಂದು ಹೆಂಡತಿ ಕೇಳಿದಳು. ಏನೂ ಇಲ್ಲ ಎಂದೆ. ಆ ಎಳೆಯ ನಡುವೆ ಒಂದು ಕಪ್ಪು ಚುಕ್ಕೆ ಇತ್ತು. ಹತ್ತಿಗೆ ಚುಕ್ಕೆ ಇರುವುದಿಲ್ಲ. ಹತ್ತಿಯ ಎಳೆ ಅಷ್ಟು ಸಣ್ಣದೂ ಇರುವುದಿಲ್ಲ. ಎರಡೂ ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಹೋಗಿ ಆ ಸ್ಲೈಡು ಮತ್ತೆ ತೆಗೆದು ನೋಡಬಹುದಿತ್ತು. ನೋಡಲಿಲ್ಲ. ಮತ್ತೆ ಹತ್ತು ದಿನ ಹೋದವು.

ಬಂದೆ, ಕೋಣೆಗೆ ಬಂದೆ.

‘ಜಾಂಬಿಯಾ’ ಎಂದು ಕೇಳಿದ್ದೇ ಡಾಕ್ಟರ್ ಸುಮಾ ಕಾಗದ ಕೆಳಗಿಟ್ಟು ಸಂಗಪ್ಪನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಪ್ಯಾಂಟು ಮೇಲೆ ಸರಿಸಿ ಕಾಲು ನೋಡಿದರು. ಎಡಗಾಲಿನ ಮೀನಖಂಡದ ಮೇಲೆ ಒಣಗಿದ ಒಂದು ಹುಣ್ಣಿನ ಕಲೆ, ರೂಪಾಯಿಯಷ್ಟಗಲ. ಕುತ್ತಿಗೆ ಮುಟ್ಟಿದರು, ಗಂಟುಗಳು ಕೈಗೆ ಹತ್ತಿದವು.

“ಇದೇನು? ಏನು ಕಚ್ಚಿತ್ತು?”

ಸಂಗಪ್ಪ ಕಣ್ಣು ತೆರೆದ. “ನೊಣಾರಿ.”

“ನೊಣ ಕಚ್ಚುತ್ತಾ?”

“ಅಲ್ಲಿ ನೊಣ ಕಚ್ಚತಾವ್ರಿ. ನಮ್ಮ ದನದ ಮ್ಯಾಲ ಕೂಡತಾವಲ್ಲ, ಅಷ್ಟ ಇರ್ತಾವ. ಕುಂತ್ರ ರೆಕ್ಕಿ ಒಂದರ ಮ್ಯಾಲೊಂದು ಇಟ್ಕೋತಾವ, ಕತ್ತರಿ ಮುಚ್ಚಿದಂಗ. ಅಂಗಿ ಮ್ಯಾಲಿಂದನ ಚುಚ್ಚತಾವ. ಹಾಡಾಹಗಲೇ. ನಮ್ಮ ಜೀಪು ಹೊಂಟ್ರ ಬೆನ್ನ ಹತ್ತಿ ಬರ್ತಾವ.” ಇಷ್ಟು ಹೇಳುವುದರಲ್ಲಿ ಅವನ ತಲೆ ಮತ್ತೆ ಎದೆಗೆ ಬಿತ್ತು.

ಡಾಕ್ಟರು ಎದ್ದರು. “ಹುಸೇನ್ ಅವರೇ, ಕಾರ್ಡು ಬೇಡ, ಬಣ್ಣವೂ ಬೇಡ. ಹಸಿ ರಕ್ತ ಗಾಜಿನ ಮೇಲೆ ಹಾಕಿ ನೋಡಿ. ಈಗಲೇ.”

ಬೆರಳು ಚುಚ್ಚಿದೆ. ಒಂದು ಹನಿ, ಮೇಲೆ ತೆಳ್ಳನೆಯ ಗಾಜಿನ ಚೂರು. ಕಣ್ಣಿಟ್ಟೆ. ರಕ್ತದ ಕಣಗಳು ನಾಣ್ಯಗಳ ಹಾಗೆ ಸುಮ್ಮನೆ ಬಿದ್ದಿದ್ದವು. ಒಂದು ಜಾಗ ನೋಡಿದೆ, ಎರಡು ನೋಡಿದೆ. ಮೂರನೆಯ ಜಾಗದಲ್ಲಿ ಒಂದು ಮೂಲೆಯ ಕಣಗಳು ಅಲುಗಾಡಿದವು. ಜೋಳದ ರಾಶಿಯಲ್ಲಿ ಇಲಿಮರಿ ಹೊಕ್ಕಾಗ ಮೇಲಿನ ಕಾಳು ಹೇಗೆ ತಾವೇ ಸರಿಯುತ್ತವೆಯೋ ಹಾಗೆ. ನೋಡುತ್ತಲೇ ಇದ್ದೆ. ಕಣಗಳ ನಡುವಿಂದ ಅದು ಹೊರಗೆ ಬಂತು. ಸಣ್ಣ ಮೀನಿನ ಹಾಗೆ ಮೈ ತಿರುಚುತ್ತ, ಎಡಕ್ಕೆ ಬಲಕ್ಕೆ ಕಣಗಳನ್ನು ತಳ್ಳುತ್ತ, ಎಲ್ಲೂ ನಿಲ್ಲದೆ ಒದ್ದಾಡುತ್ತ.

ಹತ್ತಿ ಈಜುವುದಿಲ್ಲ.

“ಮೇಡಮ್ಮಾರ” ಎಂದು ಸ್ಟೂಲು ಬಿಟ್ಟು ಎದ್ದೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಪುಸ್ತಕದಲ್ಲಿ ಬಿಟ್ಟರೆ ನಾನು ಇದನ್ನ ನೋಡಿಯೇ ಇಲ್ಲ. ನಿದ್ದೆ ರೋಗ. ಆಫ್ರಿಕಾದ ನಿದ್ದೆ ರೋಗ. ಇದು ಮಿದುಳಿಗೆ ಹೋದರೆ ಬಿಡಲ್ಲ ಹುಸೇನ್ ಅವರೇ. ಔಷಧಿ ಕೊಡದೆ ಬಿಟ್ಟರೆ ಈ ಮನುಷ್ಯ ಉಳಿಯಲ್ಲ.”

ಮೆಲ್ಲಗೆ ಹೇಳಿದರೂ ನೀಲವ್ವನಿಗೆ ಕೇಳಿಸಿತು. ಸಂಗಪ್ಪನಿಗೂ ಕೇಳಿಸಿರಬೇಕು. ತಾನೂ ನೋಡಬೇಕೆಂದ. ಸ್ಟೂಲಿನ ಮೇಲೆ ಕೂರಿಸಿ, ನಾನು ಹಿಂದಿನಿಂದ ತಲೆ ಹಿಡಿದುಕೊಂಡೆ. ಕಣ್ಣಿಟ್ಟು ನೋಡಿದ.

“ಇದು ನನ್ನೊಳಗ ಐತೇನ್ರಿ ಕಾಕಾ?”

“ಹೂಂ.”

“ನನ್ನ ಜೋಡಿ ವಿಮಾನದಾಗ ಬಂತು, ಟಿಕೀಟ ಇಲ್ದ.” ನಕ್ಕ. ನಗುತ್ತಿದ್ದವನು ಒಮ್ಮೆಲೇ ನನ್ನ ಕೈ ಹಿಡಿದುಕೊಂಡ, ಕೈ ಸುಡುತ್ತಿತ್ತು.

ಡಾಕ್ಟರು ಫೋನು ಹಿಡಿದುಕೊಂಡು ಹೊರಗೆ ಹೋದರು. ನಾನು ಹಳೆಯ ಸ್ಲೈಡುಗಳ ಪೆಟ್ಟಿಗೆ ತೆಗೆದೆ. ನೋಡಿದ ಸ್ಲೈಡುಗಳನ್ನು ಮೇಲಿನ ತಪಾಸಣೆಗೆಂದು ಕೆಲವು ಕಾಲ ಇಟ್ಟಿರುತ್ತೇವೆ. ಅವನ ನಂಬರಿನ ಎರಡನೇ ಸ್ಲೈಡು ಹುಡುಕಿ ಅಂಚಿನ ಕಡೆ ಹಿಡಿದೆ. ಇತ್ತು. ಚುಕ್ಕೆ ಸಹಿತ ಇತ್ತು. ಪಕ್ಕದಲ್ಲಿ ಇನ್ನೊಂದು. ಮೇಜಿನ ಕೆಳಗೆ ಕೆಲಸ ಮುಗಿದ ಸ್ಲೈಡುಗಳನ್ನು ಮುಳುಗಿಸುವ ಬ್ಲೀಚಿಂಗ್ ನೀರಿನ ಬಕೆಟ್ಟು. ಅದರೊಳಗೆ ಬಿಟ್ಟರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಸ್ಲೈಡು ಹಿಡಿದ ಕೈ ಅತ್ತ ಹೋಗಿತ್ತು ಎಂಬುದನ್ನು ಬರೆದೇ ಬಿಡುತ್ತೇನೆ, ಹೋಗಿತ್ತು. ಬೆನ್ನ ಹಿಂದೆ ನೀಲವ್ವ ಗಂಡನಿಗೆ ನೀರು ಕುಡಿಸುತ್ತಿದ್ದ ಸದ್ದು ಕೇಳಿ ಕೈ ಹಿಂದೆ ಬಂತು.

ಡಾಕ್ಟರು ಒಳಗೆ ಬಂದಾಗ ಸ್ಲೈಡು ಅವರ ಕೈಗೆ ಕೊಟ್ಟೆ. “ಹತ್ತ ದಿನದ ಹಿಂದನ ಇತ್ರಿ. ನಾ ಹತ್ತಿ ಅಂತ ಬಿಟ್ಟೆ. ಊರು ಕೇಳಲಿಲ್ಲ, ಇಲ್ಲ ಅಂತ ಬರದೆ.”

ಅವರು ಸ್ಲೈಡು ಬೆಳಕಿಗೆ ಹಿಡಿದರು, ಕೆಳಗಿಳಿಸಿದರು. “ನಾನೂ ಎರಡು ಸಲ ಇವರನ್ನ ನೋಡಿದೀನಿ. ನಿಮ್ಮ ಕಾಗದ ನಂಬಿ ನಾನೂ ಕೇಳಲಿಲ್ಲ” ಎಂದರು. ಆಮೇಲೆ ಬಹಳ ದಿನ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ತಪ್ಪೆಂದು ನಾನು ಹೇಳುವುದಿಲ್ಲ.

ನೀಲವ್ವ ಎದ್ದು ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು ಬಂದಿರಬೇಕು. ಅವಳು ಹೇಳಿದಳು: “ಕಾಕಾ, ಅಳೂದು ಬಿಡ್ರಿ. ಮೊದಲ ಔಷಧ ತರಸ್ರಿ. ಜಗಳಾ ಆಮ್ಯಾಲ ಆಡೂಣು.”

ಔಷಧ ತರಿಸುವುದೇ ದೊಡ್ಡ ಕೆಲಸವಾಯಿತು. ಈ ರೋಗದ ಮಾತ್ರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಆ ನೊಣವೇ ಇಲ್ಲ, ರೋಗವಿಲ್ಲ. ಔಷಧ ಯಾರು ಇಡುತ್ತಾರೆ? ಹೊರದೇಶದಿಂದ ಪುಕ್ಕಟೆ ಕಳಿಸುತ್ತಾರೆ, ಆದರೆ ಬಾಗಲಕೋಟೆಯವರು ಬೆಂಗಳೂರಿಗೆ ಹೇಳಬೇಕು, ಬೆಂಗಳೂರಿನವರು ದಿಲ್ಲಿಗೆ, ದಿಲ್ಲಿಯವರು ಸಮುದ್ರದ ಆಚೆಗೆ. ಪ್ರತಿಯೊಬ್ಬರೂ ಮೊದಲು ಕೇಳುತ್ತಿದ್ದದ್ದು ಒಂದೇ: ಖರೆಯೇನು? ಡಾಕ್ಟರ್ ಸುಮಾ ನನ್ನ ಹಸಿ ಸ್ಲೈಡು ಮೈಕ್ರೋಸ್ಕೋಪಿನಲ್ಲಿ ಇರುವಾಗಲೇ ಅದರ ಕಣ್ಣಿಗೆ ತಮ್ಮ ಮೊಬೈಲು ಹಿಡಿದು ವಿಡಿಯೋ ತೆಗೆದಿದ್ದರು. ಆ ಹುಳ ಒದ್ದಾಡುವುದನ್ನು ನೋಡಿದ ಮೇಲೆ ಯಾರೂ ಎರಡನೇ ಮಾತು ಕೇಳಲಿಲ್ಲ.

ಅದೇ ದಿನ ಸಂಗಪ್ಪನನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಿದರು. ಆ ನೀರಿನಲ್ಲೂ ರೋಗದ ಕುರುಹು ಇತ್ತು. ಮಿದುಳಿನ ಬಾಗಿಲಿಗೆ ಬಂದು ನಿಂತಿತ್ತು ಎಂದು ಅಲ್ಲಿನವರು ಹೇಳಿದರು. ಆ ಹತ್ತು ದಿನ ನನ್ನ ಎದೆಯ ಮೇಲೆ ಕೂತದ್ದು ಆಗ.

ಮಾತ್ರೆ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಡ್ಯೂಟಿ ಮುಗಿಸಿ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗುತ್ತಿದ್ದೆ. ಹೋಗಿ ಮಾಡುವುದೇನೂ ಇರಲಿಲ್ಲ. ವಾರ್ಡಿನ ಬಾಗಿಲಿನಿಂದ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಬಾಗಿಲವರೆಗೆ ನಡೆಯುತ್ತಿದ್ದೆ. ಸಂಗಪ್ಪ ದಿನದಿನಕ್ಕೆ ಬೇರೆ ಮನುಷ್ಯನಾಗುತ್ತಿದ್ದ. ಮೆತ್ತಗೆ ಮಾತಾಡುವವನು ನರ್ಸುಗಳ ಮೇಲೆ ಕೂಗಿದ. ನನ್ನನ್ನು ಕಂಡು ಒಂದು ದಿನ, “ಇಂವ ನನ್ನ ರಕ್ತ ಒಯ್ದು ಯಾರಿಗೋ ಕೊಡಾಕತ್ತಾನ, ಒಳಗ ಬಿಡಬ್ಯಾಡ್ರಿ” ಎಂದ. ನೀಲವ್ವ ಮುಖ ತಿರುಗಿಸಿಕೊಂಡಳು. “ಅವರಲ್ಲ ಕಾಕಾ ಮಾತಾಡೂದು, ಆ ಹುಳಾ” ಎಂದಳು. ಇನ್ನೊಂದು ದಿನ ತನ್ನ ಮಗಳ ಹೆಸರು ಮರೆತು ತಡಕಾಡಿದ. ಅವತ್ತು ನೀಲವ್ವನೂ ನನ್ನ ಜೊತೆ ಮೆಟ್ಟಿಲವರೆಗೆ ನಡೆದಳು, ಬಾಗಿಲವರೆಗೆ ನಡೆದಳು.

ಇತ್ತ ಇಳಕಲ್ಲಿನ ಅವರ ಓಣಿಯಲ್ಲಿ ಇನ್ನೊಂದು ಗದ್ದಲ. ಆಫ್ರಿಕಾದ ರೋಗ ಬಂದಿದೆ, ಗಾಳಿಯಲ್ಲಿ ಹಬ್ಬುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಅವರ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಅಜ್ಜಿಯ ಹತ್ತಿರ ಇದ್ದ ಮಗಳನ್ನು ಯಾರೂ ಆಡಲು ಕರೆಯುತ್ತಿರಲಿಲ್ಲ. ನಾನು ಹೋಗಿ ಓಣಿಯ ನಡುವೆ ನಿಂತೆ.

“ಸಂಗಪ್ಪನ ಜೋಡಿ ಕುಂತ್ರ ಬರೂದಿಲ್ಲ, ಉಂಡ್ರ ಬರೂದಿಲ್ಲ. ಆ ನೊಣಾ ಕಚ್ಚಿದ್ರ ಬರ್ತೈತಿ, ಆ ನೊಣಾ ನಮ್ಮ ದೇಶದಾಗ ಇಲ್ಲ.”

“ಇಲ್ಲಿ ನೊಣಾ ಇಲ್ಲೇನು ಕಾಕಾ? ನಮ್ಮ ಎಮ್ಮಿ ಮ್ಯಾಲ ನೋಡ ಬರ್ರಿ, ಎಣಸಾಕ ಬರಂಗಿಲ್ಲ!” ಒಬ್ಬಳು ಕೂಗಿದಳು.

“ಅವು ನಿನ್ನ ಎಮ್ಮಿ ನೊಣಾ ಯವ್ವಾ, ಪಾಪ ಅವಕ್ಕ ಈ ವಿದ್ಯಾ ಗೊತ್ತಿಲ್ಲ” ಎಂದೆ. ಮಂದಿ ನಕ್ಕರು. ನಕ್ಕ ಮೇಲೆ ನಾನು ಅವರ ಮನೆಯೊಳಗೆ ಹೋಗಿ ಅಜ್ಜಿಯ ಕೈಯಿಂದ ಚಹಾ ಇಸಿದುಕೊಂಡು ಹೊರಗೆ ಬಂದು ಎಲ್ಲರ ಮುಂದೆ ಕುಡಿದೆ. ಭಾಷಣಕ್ಕಿಂತ ಆ ಚಹಾ ಹೆಚ್ಚು ಕೆಲಸ ಮಾಡಿತು.

ಮಾತ್ರೆ ಬಂತು. ಹತ್ತು ದಿನದ ಮಾತ್ರೆ, ದಿನಕ್ಕೊಮ್ಮೆ. ಮೊದಲಿನ ಕಾಲದಲ್ಲಿ ಈ ರೋಗ ತಲೆಗೆ ಹೋದರೆ ವಿಷದಂಥ ಔಷಧವನ್ನು ನರಕ್ಕೆ ಕೊಡುತ್ತಿದ್ದರಂತೆ, ಆ ಔಷಧಕ್ಕೇ ಕೆಲವರು ಸಾಯುತ್ತಿದ್ದರಂತೆ. ಈಗ ಮಾತ್ರೆ ಬಂದಿದೆ. ಆದರೆ ಅದಕ್ಕೊಂದು ಕಟ್ಟುಪಾಡು: ಹೊಟ್ಟೆ ತುಂಬ ಉಂಡ ಮೇಲೆಯೇ ನುಂಗಬೇಕು, ಇಲ್ಲದಿದ್ದರೆ ರಕ್ತಕ್ಕೆ ಸೇರುವುದಿಲ್ಲ. ಉಣ್ಣುವಾಗಲೇ ನಿದ್ದೆ ಹೋಗುವ ಮನುಷ್ಯನಿಗೆ ಹೊಟ್ಟೆ ತುಂಬ ಉಣಿಸುವುದು ಹೇಗೆ?

ನೀಲವ್ವ ಉಣಿಸಿದಳು. ಜೋಳದ ರೊಟ್ಟಿ ಹಾಲಿನಲ್ಲಿ ಕಿವುಚಿ, ಒಂದು ತುತ್ತು, ಒಂದು ಬೈಗುಳ. “ನುಂಗ್ರಿ. ಏನ್ ಬೀಗರ ಮನಿಗೆ ಬಂದೀರೇನು ನಾಚಿಕೊಳ್ಳಾಕ? ಇನ್ನೊಂದು.” ಎರಡನೇ ದಿನ ಅವನು ತಾಟು ಒದ್ದ. ಅವಳು ನೆಲ ಒರೆಸಿ, ಮತ್ತೊಂದು ರೊಟ್ಟಿ ಕಿವುಚಿದಳು. ಮೂರನೇ ದಿನ ಉಂಡದ್ದೆಲ್ಲ ವಾಂತಿಯಾಗುವ ಹಾಗಾಯಿತು. ಅವನು ಬಾಯಿ ಬಿಗಿಹಿಡಿದು ಕೂತ, ನಾವು ಮೂವರು, ನಾನು, ನೀಲವ್ವ, ನರ್ಸು, ಉಸಿರು ಬಿಗಿಹಿಡಿದು ನಿಂತೆವು. ಹೊರಗೆ ಬರಲಿಲ್ಲ. ಐದನೇ ದಿನ ನಾನು ಹೋದಾಗ ಅವನು ದಿಂಬಿಗೆ ಒರಗಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದ. ನೀಲವ್ವ ಬಾಗಿಲಿಗೇ ಓಡಿ ಬಂದಳು. “ಮಧ್ಯಾನ್ನದಿಂದ ಎಚ್ಚರ ಅದಾರ ಕಾಕಾ! ಮಗಳ ಹೆಸರ ಹಿಡದು ಕರದ್ರು!”

ಹತ್ತು ದಿನ ಮುಗಿದ ಮೇಲೆ ಬಾಗಲಕೋಟೆಯ ಲ್ಯಾಬಿನವರೇ ರಕ್ತ ನೋಡಿದರು. ನನಗೂ ತೋರಿಸಿದರು. ಕಣಗಳು ಸುಮ್ಮನೆ ಬಿದ್ದಿದ್ದವು. ಒಂದೂ ಅಲುಗಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಆ ಸ್ಲೈಡನ್ನು ಎಷ್ಟು ಹೊತ್ತು ಸರಿಸುತ್ತ ಕೂತೆನೆಂದರೆ ಅಲ್ಲಿನ ಟೆಕ್ನಿಷಿಯನ್ ಹುಡುಗಿ, “ಸರ್, ಗಾಜ ಸವದೀತ್ರಿ” ಎಂದಳು.

ಇಷ್ಟಕ್ಕೇ ಸುಮ್ಮನಾಗಲು ಆಗಲಿಲ್ಲ. ಇಳಕಲ್ಲಿನಿಂದ ಆ ಕಡೆಯ ಖಣಿಗಳಿಗೆ ಇನ್ನೂ ಕೆಲವರು ಹೋಗುವವರಿದ್ದರು. ಕಲ್ಲು ಕೊಯ್ಯುವುದರಲ್ಲಿ ನಮ್ಮವರ ಕೈ ಒಳ್ಳೆಯದು, ಎಲ್ಲಿಂದಲೂ ಕರೆಯುತ್ತಾರೆ. ಡಾಕ್ಟರ್ ಸುಮಾ ಮತ್ತು ನಾನು ಒಂದು ಭಾನುವಾರ ಹೋಗಿ ಅವರನ್ನು ಕೂಡಿಸಿದೆವು. ಸಂಗಪ್ಪನೂ ಬಂದ, ತೂಕ ಇಳಿದಿತ್ತು, ಕಣ್ಣು ಚುರುಕಾಗಿತ್ತು. ಜಾಂಬಿಯಾದ ಕಂಪನಿಯವರು ಕೊಟ್ಟ ಅಂಗಿ ಪ್ಯಾಂಟು ತೋರಿಸಿದ. ಗಾಢ ನೀಲಿ.

ಡಾಕ್ಟರು ಹೇಳಿದರು: “ಆ ನೊಣಕ್ಕೆ ನೀಲಿ ಬಣ್ಣ ಅಂದರೆ ಪ್ರಾಣ. ಅಲ್ಲಿಯವರು ಅದನ್ನ ಹಿಡಿಯೋಕೆ ನೀಲಿ ಬಟ್ಟೆಯ ಬಲೆ ಕಟ್ಟುತ್ತಾರೆ. ನೀವು ಅದೇ ಬಣ್ಣ ಮೈಗೆ ಹಾಕ್ಕೊಂಡು ಹೋಗ್ತೀರ.”

ಒಬ್ಬ ಕೇಳಿದ: “ಹಂಗಾರ ಬಿಳೇದ ಹಾಕ್ಕೊಂಡು ಖಣಿಗೆ ಹೋಗೂದೇನ್ರಿ, ಮದಿವಿ ಗಂಡಿನಂಗ?”

“ಖಾಕಿ ಹಾಕ್ಕೋಲೇ” ಎಂದ ಸಂಗಪ್ಪ. “ಮಣ್ಣಿನ ಬಣ್ಣದ್ದು, ದಪ್ಪಂದು, ತೋಳು ಉದ್ದಕಿರಬೇಕು. ಜೀಪು ಹತ್ತೂ ಮುಂದ ಒಳಗ ನೋಡಬೇಕು, ನೊಣಾ ಕುಂತಿದ್ರ ಬಡದ ಹತ್ತಬೇಕು. ಬಿಸಲಾಗ ಪೊದಿ ಕೆಳಗ ನೆಳ್ಳಿಗಂತ ಕೂಡಬ್ಯಾಡ್ರಿ, ಅವೂ ಅಲ್ಲೇ ಕುಂತಿರ್ತಾವ. ಇದಕ್ಕ ಮೊದಲ ತಗೊಳ್ಳೂ ಇಂಜೆಕ್ಷನ್ ಇಲ್ಲ, ಗುಳಿಗಿ ಇಲ್ಲ. ನಾ ಕೇಳೇನಿ.”

“ಜ್ವರ ಬಂದ್ರ?”

“ಜ್ವರ ಬಂದ್ರ ದವಾಖಾನ್ಯಾಗ ನಿನ್ನ ಹೆಸರ ಹೇಳೂಕಿಂತ ಮೊದಲ ಎಲ್ಲಿಂದ ಬಂದೀ ಅನ್ನೂದು ಹೇಳು. ಕಾಕಾರು ಕೇಳಲಿ, ಬಿಡಲಿ.” ಎಂದು ಹೇಳಿ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ಅದು ನನಗೆ ಸಲ್ಲಬೇಕಾದ್ದೇ.

ಹೊಸದಾಗಿ ಸೇರುವ ಮಕ್ಕಳೇ, ನಿಮಗೆ ದೊಡ್ಡ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಕೇಳಿ ಬರೆಯಿರಿ. ಶಿರೂರಿನ ಮಗಳ ಅತ್ತೆಯ ಕಥೆ ಬಂದರೂ ಕೇಳಿ, ಬಾಗಿಲಲ್ಲಿ ಸಾಲು ಗೊಣಗಲಿ. ಗುರುತಿಲ್ಲದ್ದು ಕಂಡರೆ ಸ್ಲೈಡು ಸರಿಸಬೇಡಿ, ಇನ್ನೊಬ್ಬರನ್ನು ಕರೆದು ತೋರಿಸಿ. ಹತ್ತು ಸಲ ಹತ್ತಿಯೇ ಇರಲಿ. ನಗುತ್ತಾರೆ, ಅಡ್ಡಹೆಸರು ಇಡುತ್ತಾರೆ. ಇಡಲಿ.

ಸಂಗಪ್ಪ ಕೆಲವು ತಿಂಗಳಿಗೊಮ್ಮೆ ಬಾಗಲಕೋಟೆಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ. ರೋಗ ಎಲ್ಲಾದರೂ ಉಳಿದು ಮತ್ತೆ ತಲೆ ಎತ್ತಬಹುದೆಂಬ ಹೆದರಿಕೆ ಎಲ್ಲರಿಗೂ ಇತ್ತು. ನೀಲವ್ವನಿಗೆ ಎಲ್ಲರಿಗಿಂತ ಹೆಚ್ಚು. ಹಗಲು ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿದರೆ ಸಾಕು, ಮಗ್ಗ ಬಿಟ್ಟು ಓಡಿ ಬಂದು ಅಲುಗಿಸುತ್ತಿದ್ದಳಂತೆ. “ಆಕಳಸಾಕೂ ಬಿಡಂಗಿಲ್ಲ ಕಾಕಾ” ಎಂದು ಅವನು ನನ್ನ ಹತ್ತಿರ ದೂರು ಹೇಳಿದ್ದ.

ನನ್ನ ನಿವೃತ್ತಿಯಾದ ಮೇಲೆ ಒಂದು ದಿನ ಇಳಕಲ್ಲಿಗೆ ಬೇರೆ ಕೆಲಸಕ್ಕೆ ಹೋದವನು ಅವರ ಮನೆಗೂ ಹೋದೆ. ಹಿಂದಿನ ವಾರ ಕೊನೆಯ ಪರೀಕ್ಷೆ ಮುಗಿದು, ಇನ್ನು ಬರುವುದು ಬೇಡ ಎಂದು ಬಾಗಲಕೋಟೆಯವರು ಹೇಳಿ ಕಳಿಸಿದ್ದರು. ಮಧ್ಯಾಹ್ನ ಎರಡೂವರೆ ಆಗಿರಬೇಕು. ಮಗ್ಗದ ಸದ್ದು ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಸಂಗಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಉಂಡು ಮಲಗಿದವರ ನಿದ್ದೆ, ಸಣ್ಣಗೆ ಗೊರಕೆ. ನೀಲವ್ವ ಮಗ್ಗದ ಗುಂಡಿಯಲ್ಲಿ ಕೂತಿದ್ದಳು, ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು. ನನ್ನನ್ನು ಕಂಡು ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ನಾಲ್ಕರ ಸುಮಾರಿಗೆ ಅವನು ತಾನಾಗಿಯೇ ಎದ್ದು, ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದು, “ಯಾವಾಗ ಬಂದ್ರಿ ಕಾಕಾ?” ಎಂದು ಕೇಳಿದ.